ಸೋಮವಾರ ಹೂಡದ ಗಾಡಿ

ಮೂಡಲಗಿ
ರವಿವಾರ, ೮ ಜೂನ್ ೨೦೨೫

ತಂಗಿ ಶಿವವ್ವ,

ಮೊನ್ನೆ ನಿನ್ನ ಮಗ ಕಾಶಿನಾಥ ಫೋನು ಹಚ್ಚಿ ನಿನ್ನ ಕೈಗೆ ಕೊಟ್ಟನಲ್ಲ, ನಾನು ಕೇಳಿದ್ದು ಮೊಣಕಾಲ ನೋವು, ನೀನು ಹೇಳಿದ್ದು ಎಮ್ಮೆ ಈದ ಸುದ್ದಿ. ಇಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿನ್ನ ಕಿವಿ ಹೋದರೇನಾಯಿತು, ಕಣ್ಣು ನೆಟ್ಟಗಿವೆ. ನಮಗೆ ಪತ್ರವೇ ಸರಿ. ಫೋನಿನಲ್ಲಿ ಬರೆದು ಕಳಿಸಿದರೆ ಅದು ನಿನ್ನ ಸೊಸೆ ರಾಧಿಕಾಳ ಕೈಗೆ ಬರುತ್ತದೆ. ಅಣ್ಣ ತಂಗಿಯ ಮಾತು ಇನ್ನೊಬ್ಬರ ಕೈ ದಾಟಿ ಯಾಕೆ ಹೋಗಬೇಕು?

ಈಗ ನಮ್ಮ ಕಾರಿನ ಗೋಳು ಕೇಳು. ಮೂರನೆಯ ಗೇರಿಗೆ ಹಾಕಿದ ಕೂಡಲೇ ನರಳುತ್ತದೆ. ನಲವತ್ತು ವರ್ಷ ಸುಟ್ಟ ಮೋಟಾರು ಬಿಚ್ಚಿ ತಂತಿ ಸುತ್ತಿದ ಕಿವಿ ನನ್ನದು. ಬೇರಿಂಗು ಯಾವ ಸದ್ದು ಮಾಡುತ್ತದೆ, ಸವೆದ ಹಲ್ಲು ಯಾವ ಸದ್ದು ಮಾಡುತ್ತದೆ ಎಂದು ಯಾವ ಸಾಲಿಯಲ್ಲಿಯೂ ಕಲಿಯಲಿಲ್ಲ, ಆದರೂ ಗೊತ್ತು. ಇದು ಗೇರ್ ಬಾಕ್ಸಿನೊಳಗಿನ ಹಲ್ಲಿನ ಸದ್ದು. ಮೂರು ವರ್ಷದ ವಾರಂಟಿ ಬರುವ ಜನವರಿಗೆ ಮುಗಿಯುತ್ತದೆ. ಅಷ್ಟರೊಳಗೆ ಕಂಪನಿಯವರೇ ಬದಲಿಸಿಕೊಡಬೇಕು. ನನ್ನ ಮನೆಯಾಕೆಗೆ, ನಿನ್ನ ವೈನಿ ಸುಂದ್ರವ್ವಳಿಗೆ, ಬಸ್ಸಿನ ಮೆಟ್ಟಿಲು ಏರಲು ಆಗುವುದಿಲ್ಲ, ವಾರಕ್ಕೊಮ್ಮೆ ಗೋಕಾಕದ ದವಾಖಾನೆ ತಪ್ಪುವುದಿಲ್ಲ. ಅವಳ ಕಾಲಿಗಾಗಿಯೇ ಕೊಂಡ ಗಾಡಿ ಇದು.

ಯಾವ ಶೋರೂಮಿಗೆ ಒಯ್ಯಲಿ ಎಂದು ನಾಲ್ಕು ಜನರನ್ನು ಕೇಳಿದೆ. ಬಾಜೂ ಮನೆಯ ಲಗಮಣ್ಣನದೂ ಇದೇ ಕಂಪನಿಯ ಕಾರು. ಅವನು ಹೇಳಿದ, "ಕಾಕಾ, ವಾರಂಟಿ ಅಂದ್ರ ಏನೇನು ಕೊಡೂದಿಲ್ಲ ಅಂತ ಬರದಿಟ್ಟ ಕಾಗದ ನೋಡ್ರಿ." ಒಬ್ಬರು ಬೆಳಗಾವಿ ಎಂದರು, ದೂರ. ಹುಕ್ಕೇರಿಯಲ್ಲಿ ಹೊಸದು ತೆರೆದಿದೆಯಂತೆ, ಅಲ್ಲಿ ಗುರುತಿನವರು ಯಾರೂ ಇಲ್ಲ. ಕಡೆಗೆ ನನ್ನ ಮೇಲೆ ನನಗೇ ನಗು ಬಂತು. ಗೋಕಾಕದ ಶೋರೂಮಿನಲ್ಲಿ ಗಾಡಿ ಬರೆದುಕೊಳ್ಳುವ ಮೇಜಿನ ಹಿಂದೆ ನನ್ನ ತಂಗಿಯ ಮಗನೇ ಕುಳಿತಿರುವಾಗ ನಾನು ಊರೆಲ್ಲ ಯಾಕೆ ಕೇಳುತ್ತಿದ್ದೇನೆ? ಕಾಶಿ ನನ್ನ ಮೋಟಾರು ರಿಪೇರಿ ಅಂಗಡಿಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಬೆಳೆದವನು.

ಅವನಿಗೆ ಹೇಳಿದ್ದೇನೆ. ಯಾವ ವಾರ ಬೇಕಾದರೂ ತರುತ್ತೇನೆ, ಸೋಮವಾರ ಒಂದು ಬಿಟ್ಟು. ಅಪ್ಪ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಟ್ಟವನಲ್ಲ. ಎತ್ತು ಹೋಗಿ ಕಾರು ಬಂದರೂ ಬಸವಣ್ಣನ ವಾರ ಅದೇ. ಲಗಮಣ್ಣ ಚಾಷ್ಟಿ ಮಾಡುತ್ತಾನೆ, ಸೋಮವಾರ ಗಾಡಿಗೆ ಹುಲ್ಲು ಹಾಕಿದಿರೋ ಇಲ್ಲೋ ಎಂದು. ಮಾಡಲಿ.

ನಿನ್ನ ಅಣ್ಣ
ಸತ್ತೆಪ್ಪ


ಘೋಡಗೇರಿ
೧೯ ಜೂನ್ ೨೦೨೫

ಅಣ್ಣನಿಗೆ ಶಿವವ್ವಳ ಶರಣಾರ್ಥಿ.

ನಿನ್ನ ಪತ್ರ ಬಂದ ದಿನ ಅಡಿಗೆ ತಡವಾಯಿತು. ಎರಡು ಸಲ ಓದಿ ಉಳಿದವುಗಳ ಜೊತೆ ಟ್ರಂಕಿನಲ್ಲಿಟ್ಟೆ. ಈಗ ಎಷ್ಟಾಗಿವೆ ಗೊತ್ತೇನು? ಕಿವಿ ಹೋದ ವರ್ಷದಿಂದ ಒಂದೂ ಕಳೆದಿಲ್ಲ. ನಾಲ್ಕು ಅಕ್ಷರ ಕಲಿಸಿದವನು ನೀನೇ, ಅವನ್ನು ಓದಿಸುವವನೂ ನೀನೇ.

ಗಾಡಿಯ ಚಿಂತೆ ಬಿಡು. ಕಾಶಿಗೆ ಹೇಳಿದ್ದೇನೆ, ಮಾಮಾನ ಗಾಡಿ ಅಂದರೆ ನಿನ್ನ ಗಾಡಿ ಎಂದು ತಿಳಿ ಅಂತ. ಅವನೂ ಒಂದು ಹಳೇ ಕಾರು ಕೊಂಡಿದ್ದಾನೆ, ನಿನ್ನಂಥದ್ದೇ, ಬಣ್ಣ ಮಾತ್ರ ಬೇರೆ. ಅದರ ವಾರಂಟಿ ಎಂದೋ ಮುಗಿದಿದೆಯಂತೆ. ಅದೂ ನರಳುತ್ತದೆ ಎಂದು ರಾಧಿಕಾ ಕೈಮಾಡಿ ತೋರಿಸಿದಳು. ನನಗೆ ಸದ್ದು ಕೇಳುವುದಿಲ್ಲ, ಅಂಗಾಲಿಗೆ ಗೊತ್ತಾಗುತ್ತದೆ. ಗಿರಣಿಯ ಕಟ್ಟೆಯ ಮೇಲೆ ನಿಂತ ಹಾಗೆ ನಡುಗುತ್ತದೆ. ಬೆಲ್ಲದ ಬಾಗೇವಾಡಿಗೆ ಹೋಗಿ ಬರುವುದರೊಳಗೆ ಕಾಲು ಜೋಮು ಹಿಡಿಯಿತು.

ಪಂಚಮಿಗೆ ತವರಿಗೆ ಕರೆಯಲು ಬರುತ್ತೀ ಅಲ್ಲ?

ಶಿವವ್ವ


ಮೂಡಲಗಿ
ರವಿವಾರ, ೧೩ ಜುಲೈ ೨೦೨೫

ತಂಗಿ ಶಿವವ್ವ,

ನಿನ್ನೆ ಶನಿವಾರ ಗಾಡಿ ಮನೆಗೆ ತಂದೆ. ಮಂಗಳವಾರ ಕೊಟ್ಟಿದ್ದೆ, ಐದು ದಿನ ಅಲ್ಲಿಯೇ ಇತ್ತು. ಕಾಶಿ ಬಹಳ ಆದರ ಮಾಡಿದ. ಎಲ್ಲರೆದುರು ಕಾಲು ಮುಟ್ಟಿ ನಮಸ್ಕರಿಸಿದ, ತಂಪು ಖೋಲಿಯಲ್ಲಿ ಕೂಡ್ರಿಸಿದ, ಎರಡು ಸಲ ಚಹಾ ತರಿಸಿದ. ಹಳ್ಳಿಯವರು ಹೊರಗೆ ಬಿಸಿಲಲ್ಲಿ ನಿಂತಿದ್ದರು. ನನಗೆ ಸ್ವಲ್ಪ ಸಂಕೋಚ, ಸ್ವಲ್ಪ ಹೆಮ್ಮೆ.

ಗೇರ್ ಬಾಕ್ಸು ಬದಲಿಸಿಲ್ಲ. ಎಣ್ಣೆ ಬದಲಿಸಿ, ಏನೋ ಬಿಗಿ ಮಾಡಿ ಕೊಟ್ಟಿದ್ದಾರೆ. ನರಳುವುದು ಇನ್ನೂ ಇದೆ. ಹೇಳಿದೆ. ಹದಿನೈದು ದಿನ ಓಡಿಸಿರಿ, ಹೊಂದಿಕೊಳ್ಳುತ್ತದೆ, ಆಗದಿದ್ದರೆ ಕಂಪನಿಗೆ ಬರೆಯೋಣ ಎಂದ. ಮೂರು ಕಾಗದದ ಮೇಲೆ ಸಹಿ ಕೇಳಿದ. ಒಂದರಲ್ಲಿ ಏನೂ ಬರೆದಿರಲಿಲ್ಲ. ಆಮೇಲೆ ತುಂಬುತ್ತೇನೆ ಮಾಮಾ ಅಂದ. ಅಳಿಯ ಕೊಟ್ಟ ಕಾಗದವನ್ನು ಓದಿ ನೋಡಿ ಸಹಿ ಮಾಡಿದರೆ ಅವನು ಮುಖ ಎಲ್ಲಿಟ್ಟುಕೊಳ್ಳಬೇಕು? ಮಾಡಿ ಕೊಟ್ಟೆ.

ಈ ಗಾಡಿಯಲ್ಲಿ ಪಂಚಮಿಗೆ ಘೋಡಗೇರಿಯ ತನಕ ಬರುವ ಧೈರ್ಯ ಇಲ್ಲ. ಕಾಶಿ ತಾನೇ ನಿನ್ನನ್ನು ಕರೆತರುತ್ತೇನೆ ಎಂದಿದ್ದಾನೆ. ಅಣ್ಣ ಬಾಗಿಲಿಗೆ ಬಂದು ಕರೆಯಲಿಲ್ಲ ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಸತ್ತೆಪ್ಪ


ಮೂಡಲಗಿ
ರವಿವಾರ, ೩ ಆಗಸ್ಟ್ ೨೦೨೫

ತಂಗಿ ಶಿವವ್ವ,

ಇದೇನು ಪಂಚಮಿ ಮಾಡಿದೆ ನೀನು? ಪ್ರತಿ ವರ್ಷ ಐದು ದಿನ ಇರುವವಳು ಒಂದೇ ರಾತ್ರಿಗೆ ಗಂಟು ಕಟ್ಟಿದೆ. ಉಂಡಿ ಒಂದೂ ಪೂರ್ತಿ ತಿನ್ನಲಿಲ್ಲ. ನಾನೇನಾದರೂ ಅಂದೆನೇ ಎಂದು ಸುಂದ್ರವ್ವ ಕೇಳಿ ಕೇಳಿ ಸಾಕಾದಳು. ಉಡಿ ತುಂಬುವಾಗ ನನ್ನ ಮುಖ ನೋಡಲಿಲ್ಲ ನೀನು.

ಕರೆಯಲು ಬರದಿದ್ದುದು ಮನಸ್ಸಿಗೆ ಹತ್ತಿದೆ ಎಂದು ನನಗೆ ಅನಿಸುತ್ತದೆ. ತಪ್ಪು ನನ್ನದು. ಬಸ್ಸಿನಲ್ಲಾದರೂ ಬರಬೇಕಾಗಿತ್ತು.

ಒಂದು ಮಾತು ಖರೆ. ಕಾಶಿಯ ಕಾರು ಅಂಗಳಕ್ಕೆ ಬಂದಾಗ ನಾನು ಕಣ್ಣು ಮುಚ್ಚಿ ಕೇಳಿದೆ. ಎಂಥ ತಂಪು ಸದ್ದು! ಹಳೇ ಗಾಡಿ ಅಂದಿದ್ದಿ, ಅದರ ಗೇರ್ ಬಾಕ್ಸು ಹುಟ್ಟಿ ಎಂಟು ದಿನದ ಕೂಸಿನ ಹಾಗಿದೆ. "ಚಲೋ ಮಾಡ್ಕೊಂಡಿ ನೋಡಪಾ, ಕೈ ಗುಣ ಐತಿ" ಅಂತ ಅವನ ಬೆನ್ನು ತಟ್ಟಿದೆ. ಅವನು ನಾಚಿಕೊಂಡು ನೀರು ಕೇಳಿದ.

ನಮ್ಮದು ನರಳುತ್ತಲೇ ಇದೆ. ಕಂಪನಿಗೆ ಬರೆದಿದ್ದೇನೆ, ತಡೀರಿ ಅನ್ನುತ್ತಾನೆ.

ಸತ್ತೆಪ್ಪ


ಘೋಡಗೇರಿ
೧೨ ಆಗಸ್ಟ್ ೨೦೨೫

ಅಣ್ಣನಿಗೆ ಶರಣಾರ್ಥಿ.

ಸಿಟ್ಟೇನಿಲ್ಲ. ತಲೆನೋವಿತ್ತು. ವೈನಿಗೆ ಹಾಗೇ ಹೇಳು.

ಇಲ್ಲಿ ಕಳೆ ತೆಗೆಯುವ ಕೆಲಸ ನಡೆದಿದೆ. ಬೇರೆ ಬರೆಯುವಂಥದ್ದು ಏನೂ ಇಲ್ಲ.

ಶಿವವ್ವ


ಮೂಡಲಗಿ
ರವಿವಾರ, ೧೪ ಸೆಪ್ಟೆಂಬರ್ ೨೦೨೫

ತಂಗಿ ಶಿವವ್ವ,

ಈ ಪತ್ರ ಸಮಾಧಾನದಿಂದ ಕುಳಿತು ಓದು.

ಗಾಡಿ ಹೋದ ವಾರ ಅರಭಾವಿಯ ಹತ್ತಿರ ನಿಂತೇ ಬಿಟ್ಟಿತು. ಸುಂದ್ರವ್ವ ಒಳಗೆ. ಬಸ್ಸಿಗೆ ನಿಂತಿದ್ದ ಕಾಲೇಜು ಹುಡುಗಿಯರು ಪುಸ್ತಕ ಬದಿಗಿಟ್ಟು ದಬ್ಬಿ ನೆರಳಿಗೆ ನಿಲ್ಲಿಸಿದರು. ಕಾಶಿಗೆ ಫೋನು ಹಚ್ಚಿದೆ. ಈಗ ಅವನ ಮಾತೇ ಬೇರೆ. ನೀರಿನಲ್ಲಿ ಹೊಡೆದಿದ್ದೀರಿ ಮಾಮಾ, ವಾರಂಟಿ ಸಿಗುವುದಿಲ್ಲ ಎಂದ. ಯಾವ ನೀರು? ಈ ವರ್ಷ ಘಟಪ್ರಭೆಯ ಹತ್ತಿರವೂ ನಾನು ಸುಳಿದಿಲ್ಲ.

ಗುರುತಿನವರು ಇಲ್ಲದಿದ್ದರೆ ಇಲ್ಲ ಎಂದು ಗಾಡಿಯನ್ನು ಹುಕ್ಕೇರಿಗೆ ಎಳೆಸಿಕೊಂಡು ಹೋದೆ. ಅಲ್ಲಿ ಶೈಲಾ ಎಂಬ ಹೆಣ್ಣುಮಗಳು ಸರ್ವಿಸಿನ ಮುಖ್ಯಸ್ಥೆ. ಯಾರ ಪೈಕಿ, ಯಾವ ಊರು, ಏನೂ ಕೇಳಲಿಲ್ಲ. ಗಾಡಿಯ ನಂಬರು ಒತ್ತಿ ಕಂಪ್ಯೂಟರಿನಲ್ಲಿ ನೋಡಿದಳು. ಎಲ್ಲ ಶೋರೂಮಿನ ದಾಖಲೆ ಅದರಲ್ಲಿ ಬರುತ್ತದಂತೆ. ನೋಡಿ ನನ್ನ ಮುಖ ನೋಡಿದಳು.

"ಅಜ್ಜಾರ, ಜುಲೈದಾಗ ನಿಮಗ ಹೊಸಾ ಗೇರ್ ಬಾಕ್ಸ್ ಹಾಕಿ ಕೊಟ್ಟಾರಲ್ರಿ, ವಾರಂಟಿಯೊಳಗ. ಗೋಕಾಕದಾಗ. ನಿಮ್ಮ ಸಹಿ ಐತಿ."

ಸಹಿ ನನ್ನದೇ. ಸೊಟ್ಟಗಿನ ತ ಒತ್ತು, ನನ್ನ ಕೈಯೇ.

ಬಾಕ್ಸು ಕೆಳಗಿಳಿಸಿದರೆ ಅದರ ನಂಬರು ಕಾಣುತ್ತದೆ. ಆದರೆ ಇಳಿಸಬೇಕಾದರೆ, ನನಗೆ ಹೊಸದು ಕೊಟ್ಟೇ ಇಲ್ಲ ಎಂದು ನಾನು ಬರೆದು ಕೊಡಬೇಕು. ಬರೆದದ್ದು ಸುಳ್ಳಾದರೆ ಇಡೀ ಗಾಡಿಯ ವಾರಂಟಿ ಹೋಗುತ್ತದೆ. ಖರೆಯಾದರೆ ಗೋಕಾಕದಲ್ಲಿ ಆ ಕಾಗದ ಬರೆದವನ ಕೆಲಸ ಹೋಗುತ್ತದೆ. ಆ ಕಾಗದದ ಮೇಲೆ ಕಾಶಿಯ ಸಹಿ ಇದೆ.

ಅವನನ್ನು ಕೇಳಿದೆ. ಅವನು ಅಂದ, "ಮಾಮಾ, ಹಾಕಿ ಕೊಟ್ಟೇನಿ, ನೀವು ಮರ್ತೀರಿ. ನಿಮ್ಮ ಕೂಡನ ಒಂದು ಸುತ್ತು ಹೊಡದು ತೋರಿಸೇನಿ. ವಯಸ್ಸಾತು, ನೆನಪು ಹಿಂದಮುಂದ ಆಕ್ಕಾವ." ಎಷ್ಟು ಪ್ರೀತಿಯಿಂದ ಅಂದನೆಂದರೆ ನನಗೇ ಸಂಶಯ ಬಂತು ಶಿವವ್ವ. ಎಪ್ಪತ್ತೆರಡು ನನಗೆ. ಮೊನ್ನೆ ಚಷ್ಮಾ ಹಣೆಯ ಮೇಲಿಟ್ಟುಕೊಂಡೇ ಹುಡುಕಿದ್ದೆ.

ಇದಕ್ಕೆ ಒಂದೇ ದಾರಿ. ಗಾಡಿ ತಂದ ಮರುದಿನ ನಿನಗೆ ಎಲ್ಲವನ್ನೂ ಬರೆದಿದ್ದೆ. ಜುಲೈ ತಿಂಗಳ ಆ ಪತ್ರ ಟ್ರಂಕಿನಲ್ಲಿ ಇರಬೇಕು. ತೆಗೆದು ನೋಡು. ಹೊಸದು ಹಾಕಿದ್ದಾರೆ ಎಂದು ಬರೆದಿದ್ದೇನೋ, ಇಲ್ಲ ಎಂದು ಬರೆದಿದ್ದೇನೋ, ಅಷ್ಟೇ ತಿಳಿಸು. ಅದರ ಮೇಲೆ ನಾನು ಸಹಿ ಮಾಡುವುದು, ಬಿಡುವುದು.

ಸತ್ತೆಪ್ಪ


ಘೋಡಗೇರಿ
೨೩ ಸೆಪ್ಟೆಂಬರ್ ೨೦೨೫

ಅಣ್ಣನಿಗೆ ಶರಣಾರ್ಥಿ.

ಪತ್ರ ತೆಗೆದು ನೋಡಿದೆ. ಅದರ ಮೇಲೆ ಜುಲೈ ೧೫ ಎಂದು ತಾರೀಖು ಇದೆ. ನೀನು ಬರೆದದ್ದು ಹೀಗಿದೆ. 'ನಿನ್ನೆ ಗಾಡಿ ತಂದೆ. ಕಾಶಿ ಹೊಸ ಗೇರ್ ಬಾಕ್ಸು ಹಾಕಿಸಿ ಕೊಟ್ಟಿದ್ದಾನೆ. ಬಹಳ ಆದರ ಮಾಡಿದ, ಎರಡು ಸಲ ಚಹಾ ತರಿಸಿದ.'

ಮರೆವು ಎಲ್ಲರಿಗೂ ಬರುತ್ತದೆ ಅಣ್ಣ. ನಾಚಿಕೆ ಮಾಡಿಕೊಳ್ಳಬೇಡ. ನಿನ್ನ ಮಗ ಶಿವಪುತ್ರನಿಗೆ ಹೇಳಿ ದವಾಖಾನೆಗೆ ತೋರಿಸಿಕೋ. ಹುಕ್ಕೇರಿಯವರಿಗೆ ಏನೂ ಬರೆದು ಕೊಡಬೇಡ.

ಶಿವವ್ವ


ಮೂಡಲಗಿ
ರವಿವಾರ, ೧೨ ಅಕ್ಟೋಬರ್ ೨೦೨೫

ತಂಗಿ ಶಿವವ್ವ,

ನೀನು ಹೇಳಿದ ಹಾಗೆಯೇ ಮಾಡಿದೆ. ಬರೆದು ಕೊಡುವುದಿಲ್ಲ ಎಂದು ಹುಕ್ಕೇರಿಗೆ ತಿಳಿಸಿದೆ. ಕಾಶಿಗೂ ಫೋನು ಮಾಡಿ, ಸಂಶಯ ಪಟ್ಟೆ, ತಪ್ಪಾಯಿತು ಎಂದೆ. ಇರಲಿ ಬಿಡ್ರಿ ಮಾಮಾ ಎಂದ. ದೊಡ್ಡ ಮನಸ್ಸು ಅವನದು.

ನನ್ನ ಸ್ಥಿತಿ ಮಾತ್ರ ಚೆನ್ನಾಗಿಲ್ಲ. ಗೋಕಾಕದ ಡಾಕ್ಟರು ಐದು ವಸ್ತುಗಳ ಹೆಸರು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ಐದೂ ಹೇಳಿದೆ. ಏನಿಲ್ಲ ಅಜ್ಜಾರ ಎಂದರು. ಏನಿಲ್ಲದೆ ಇದ್ದರೆ ತಾನೇ ಅನುಭವಿಸಿದ ದಿನವನ್ನು ಮನುಷ್ಯ ತಲೆಕೆಳಗು ಹೇಗೆ ನೆನೆಯುತ್ತಾನೆ? ನನ್ನ ಕಣ್ಣ ಮುಂದೆ ಇಂದಿಗೂ ಇದೆ, ಎಣ್ಣೆ ಬದಲಿಸಿ ಕೊಟ್ಟದ್ದು. ಅದು ನಡೆದೇ ಇಲ್ಲ ಎಂದಾದರೆ ಇನ್ನು ಯಾವುದು ನಡೆದಿದೆ?

ಅಂಗಡಿಯ ಕೆಲಸ ಬಿಟ್ಟಿದ್ದೇನೆ. ತಂತಿಯ ಸುತ್ತು ಎಣಿಸುವಾಗ ನಡುವೆ ನಿಂತು ಹಿಂದಕ್ಕೆ ಬರುತ್ತೇನೆ. ನಲವತ್ತೆಂಟೋ ಐವತ್ತೆರಡೋ? ಒಂದು ಸುತ್ತು ತಪ್ಪಿದರೆ ಯಾರದೋ ಬಾವಿಯ ಮೋಟಾರು ಸುಡುತ್ತದೆ. ಮಗ ಶಿವಪುತ್ರ ಈಗ ತಾನೇ ಸುತ್ತುತ್ತಾನೆ. ನನಗೆ ಬಾಗಿಲಲ್ಲಿ ಕೂತು ಗಿರಾಕಿಗಳ ಜೊತೆ ಮಾತಾಡುವ ಕೆಲಸ ಕೊಟ್ಟಿದ್ದಾನೆ. ಸುಂದ್ರವ್ವ ನಾನು ಹೊರಗೆ ಹೊರಟರೆ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬರುತ್ತಾಳೆ. ಸುಮ್ಮನೆ ಬಂದೆ ಎನ್ನುತ್ತಾಳೆ. ದವಾಖಾನೆಗೆ ಅವಳನ್ನು ಈಗ ಲಗಮಣ್ಣ ಒಯ್ಯುತ್ತಾನೆ.

ನೀನಾದರೂ ಖರೆ ಹೇಳಿದೆಯಲ್ಲ. ಬೇರೆಯವರಾಗಿದ್ದರೆ ಮುದುಕನಿಗೆ ಯಾಕೆ ನೋವು ಮಾಡಲಿ ಎಂದು ಮುಚ್ಚಿಡುತ್ತಿದ್ದರು.

ಸತ್ತೆಪ್ಪ


ಮೂಡಲಗಿ
ರವಿವಾರ, ೨೬ ಅಕ್ಟೋಬರ್ ೨೦೨೫

ಶ್ರೀಮತಿ ಶಿವವ್ವನವರಿಗೆ,

ಹುಕ್ಕೇರಿಯಿಂದ ಅಂಚೆಯಲ್ಲಿ ಕಾಗದ ಬಂತು. ಅಲ್ಲಿಯೇ ನಿಂತಿರುವ ಗಾಡಿ ಹಿಂದಕ್ಕೆ ಒಯ್ಯಬೇಕಾದರೆ ಗೋಕಾಕದ ದಾಖಲೆ ಸರಿಯಾಗಿದೆ ಎಂದು ನಾನು ಕೆಳಗೆ ಸಹಿ ಮಾಡಬೇಕು. ಸಹಿ ಮಾಡಲು ಕೂತೆ. ಈಗ ನನ್ನ ಕಣ್ಣನ್ನು ನಾನೇ ನಂಬುವುದಿಲ್ಲವಾದ್ದರಿಂದ ಸುಂದ್ರವ್ವಳಿಗೆ ಕೇಳಿಸುವಂತೆ ಜೋರಾಗಿ ಓದಿದೆ. 'ಜುಲೈ ೧೪. ಬೆಳಿಗ್ಗೆ ಹನ್ನೊಂದಕ್ಕೆ ಮಾಲೀಕರು ಗಾಡಿ ತಂದರು. ಹೊಸ ಗೇರ್ ಬಾಕ್ಸು ಹಾಕಲಾಯಿತು. ಸಂಜೆ ಐದಕ್ಕೆ ಮಾಲೀಕರು ಓಡಿಸಿ ನೋಡಿ ಒಯ್ದರು.'

ಆಕೆ ಜೋಳದ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ತಿರುವಿದಳು. ಹಾಲು ಹಾಕದ ದಿನಕ್ಕೆ ಗುಣಾಕಾರದ ಗುರುತು ಹಾಕುವವಳು ಅವಳು. ಅದರ ಮುಂದೆ ನಿಂತು ನನ್ನ ಕಡೆ ತಿರುಗಿದಳು.

"ಹದಿನಾಲ್ಕು ಸೋಮವಾರ ಐತ್ರಿ. ಸೋಮವಾರ ನೀವು ಗಾಡಿ ಕೀಲಿನೂ ಮುಟ್ಟೂದಿಲ್ಲ. ಅವತ್ತ ಗೋಕಾಕಕ್ಕ ಯಾರ ಗಾಡಿ ಹೊಡ್ಕೊಂಡು ಹೋಗಿದ್ರಿ?"

ನಾನು ಏನನ್ನಾದರೂ ಮರೆತಿರಬಹುದು. ಸೋಮವಾರವನ್ನು ಮರೆತಿಲ್ಲ. ಗಾಡಿ ಬಂದಂದಿನಿಂದ ಒಂದು ಸೋಮವಾರವೂ ಅದರ ಚಕ್ರ ಉರುಳಿಲ್ಲ. ಓಣಿಯನ್ನೆಲ್ಲ ಕೇಳಿರಿ.

ಇನ್ನು ನಿಮ್ಮ ಪತ್ರ. ಅದನ್ನು ತೆಗೆದು ಮತ್ತೆ ಓದಿದೆ. ಜುಲೈ ೧೫ಕ್ಕೆ 'ನಿನ್ನೆ ಗಾಡಿ ತಂದೆ' ಎಂದು ನಾನು ಬರೆದೆನಂತೆ. ಅಂದರೆ ಸೋಮವಾರ ತಂದೆನಂತೆ. ಇಷ್ಟು ವರ್ಷದಲ್ಲಿ ತಾರೀಖಿನ ಮುಂದೆ ವಾರ ಬರೆಯದೆ ನಾನು ಒಂದಾದರೂ ಪತ್ರ ಬರೆದಿದ್ದೇನೆಯೇ? ನೀವು ತಾರೀಖು ಹೇಳಿದಿರಿ, ವಾರ ಹೇಳಲಿಲ್ಲ. ಎರಡು ಸಲ ಚಹಾ ತರಿಸಿದ್ದನ್ನು ಮಾತ್ರ ಇದ್ದ ಹಾಗೆ ಬರೆದಿರಿ. ಅದನ್ನು ಓದಿ ನಾನು ಪೂರ್ತಿ ನಂಬಿದೆ.

ಆ ಪತ್ರವನ್ನು ನನಗೆ ಕಳಿಸಿರಿ. ನನ್ನ ಅಕ್ಷರ ನಾನೇ ಓದಿಕೊಳ್ಳುತ್ತೇನೆ.

ಸತ್ತೆಪ್ಪ


ಘೋಡಗೇರಿ
೫ ನವೆಂಬರ್ ೨೦೨೫

ಅಣ್ಣ,

ನನ್ನನ್ನು ರೀ ಹಚ್ಚಿ ಕರೆಯಬೇಡ. ಬೇಕಾದರೆ ಬೈ.

ಆ ಪತ್ರ ಇಲ್ಲ. ಒಲೆಗೆ ಹಾಕಿದೆ. ಉಳಿದವೆಲ್ಲ ಇವೆ, ಅದೊಂದೇ ಇಲ್ಲ. ನಿನ್ನ ಸೆಪ್ಟೆಂಬರಿನ ಪತ್ರ ಬಂದ ದಿನ ಕಾಶಿ ಎದುರಿಗೆ ಕೂತು ನನ್ನ ಮುಖ ನೋಡುತ್ತಾ ನಿಧಾನವಾಗಿ ಮಾತಾಡಿದ, ತುಟಿ ನೋಡಿ ತಿಳಿಯಲಿ ಅಂತ. ಆ ಸೋಮವಾರ ನಿನ್ನ ಗಾಡಿಗೆಂದು ಹೊಸ ಬಾಕ್ಸು ಬಂದಿತ್ತಂತೆ, ನೀನು ಶನಿವಾರವೇ ಗಾಡಿ ಒಯ್ದಿದ್ದಿಯಂತೆ. ತನ್ನ ಗಾಡಿಗೆ ಹಾಕಿಕೊಂಡ. ಮಾಮಾನ ಹೆಸರಿನಲ್ಲಿ ಇನ್ನೊಂದು ತರಿಸಿದರಾಯಿತು ಅಂದುಕೊಂಡಿದ್ದನಂತೆ, ಬರಲಿಲ್ಲ. ತಾರೀಖು ಅವನೇ ಹೇಳಿದ, ನಾನು ಬರೆದೆ. ಚಹಾದ ಮಾತು ನಾನಾಗಿ ಸೇರಿಸಿದ್ದು.

ಪಂಚಮಿಗೆ ಬರುವಾಗಲೇ ನನಗೆ ಗೊತ್ತಾಗಿತ್ತು. ಕಾಲ ಕೆಳಗೆ ನಡುಕ ನಿಂತಿತ್ತು. ಕೇಳಿದೆ, ಹೇಳಿದ. ನೀನು ಕಣ್ಣು ಮುಚ್ಚಿ ಗಾಡಿಗೆ ಕಿವಿ ಕೊಟ್ಟಾಗ ನಾನು ಅಡಿಗೆಮನೆಗೆ ಹೋದೆ.

ನಿನ್ನ ತಲೆಯ ಮೇಲೆ ಬರುತ್ತದೆ ಎಂದು ಯೋಚಿಸಲಿಲ್ಲ. ಒಂದು ಮರೆವು ತಾನೇ, ವಯಸ್ಸಾದವರಿಗೆ ಇರುವುದೇ ಅಂದುಕೊಂಡೆ. ನೀನು ಅಂಗಡಿಯ ಕೆಲಸ ಬಿಟ್ಟೆ ಎಂದು ಓದಿದ ದಿನ ಬರೆಯಬೇಕೆಂದು ಕೂತೆ. ಬರೆಯಲಿಲ್ಲ. ಇರುವವಳು ಅವನ ಮನೆಯಲ್ಲಿ, ಉಣ್ಣುವವಳು ರಾಧಿಕಾಳ ಕೈಯಲ್ಲಿ. ಕರೆದರೆ ಕೇಳದ ಮುದುಕಿಯನ್ನು ಅವರು ಮುಂದೆ ಬಂದು ಮುಟ್ಟಿ ಕರೆಯುತ್ತಾರೆ. ಅವನ ಕೆಲಸ ಹೋದರೆ ಆ ಮನೆಯಲ್ಲಿ ನನ್ನ ಮುಖ ಯಾರು ನೋಡುತ್ತಾರೆ?

ಬರೆದು ಕೊಡಬೇಡ ಅಣ್ಣ. ಅವನು ತನ್ನ ಗಾಡಿ ಮಾರಿಯಾದರೂ ನಿನ್ನದನ್ನು ರಿಪೇರಿ ಮಾಡಿಸುತ್ತಾನೆ.

ಶಿವವ್ವ


ಮೂಡಲಗಿ
ರವಿವಾರ, ೧೬ ನವೆಂಬರ್ ೨೦೨೫

ಶಿವವ್ವ,

ಬರೆದು ಕೊಟ್ಟೆ. ನಿನ್ನ ಪತ್ರ ಬಂದ ಮರುದಿನವೇ ಲಗಮಣ್ಣನ ಗಾಡಿಯಲ್ಲಿ ಹುಕ್ಕೇರಿಗೆ ಹೋದೆ. ಅದರಲ್ಲಿ ಕಾಶಿಯ ಹೆಸರು ಬರೆಯಲಿಲ್ಲ, ನಿನ್ನ ಪತ್ರವನ್ನು ತೋರಿಸಲಿಲ್ಲ. 'ನನಗೆ ಹೊಸ ಗೇರ್ ಬಾಕ್ಸು ಕೊಟ್ಟಿಲ್ಲ, ಇದು ನನಗೆ ಚೆನ್ನಾಗಿ ನೆನಪಿದೆ' ಎಂದಷ್ಟೇ ಬರೆದೆ. ಚೆನ್ನಾಗಿ ನೆನಪಿದೆ ಎಂಬುದು ಬೇಕಾಗಿಲ್ಲ ಅಜ್ಜಾರ ಎಂದು ಶೈಲಾ ಹೇಳಿದಳು. ನನಗೆ ಬೇಕು ಎಂದೆ.

ಮಂಗಳವಾರ ಕಂಪನಿಯವನು ಬಂದ. ನನ್ನೆದುರಿಗೇ ಬಾಕ್ಸು ಇಳಿಸಿದರು. ಹಳೆಯದೇ. ಎರಡು ಹಲ್ಲು ಮುರಿದು ಎಣ್ಣೆಯಲ್ಲಿ ಬಿದ್ದಿದ್ದವು. ಹೊಸದು ಹಾಕಿ ನಿನ್ನೆ ಗಾಡಿ ಕೊಟ್ಟರು. ಕಾಶಿಗೆ ಬುಧವಾರದಿಂದ ಬರಬೇಡ ಅಂದಿದ್ದಾರೆ ಎಂದು ಕೇಳಿದೆ. ಇದು ನಿನಗೆ ನನಗಿಂತ ಮೊದಲೇ ಗೊತ್ತಿರಬೇಕು.

ಅವನ ಮೇಲೆ ನನಗೆ ಅಂಥ ಸಿಟ್ಟಿಲ್ಲ ಎಂದರೆ ನಂಬುತ್ತೀಯೋ ಇಲ್ಲವೋ. ಒಂದು ಕಬ್ಬಿಣದ ಪೆಟ್ಟಿಗೆಗೆ ಆಸೆ ಪಟ್ಟ. ಆಸೆ ಪಟ್ಟವರನ್ನು ನಲವತ್ತು ವರ್ಷ ನೋಡಿದ್ದೇನೆ, ತಾಮ್ರದ ತಂತಿ ಕದ್ದವನಿಗೆ ಮತ್ತೆ ಕೆಲಸ ಕೊಟ್ಟಿದ್ದೇನೆ. ನೀನು ಬೇರೆ. ನಾನು ನಿನ್ನನ್ನು ಕೇಳಿದ್ದು ಗಾಡಿಯ ಸುದ್ದಿ ಅಲ್ಲ. ನನ್ನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಕೇಳಿದೆ, ಉತ್ತರ ನಿನ್ನ ಕೈಯಲ್ಲಿ ಬಿಚ್ಚಿಕೊಂಡಿತ್ತು. ಒಂದು ತಿಂಗಳು ನಾನು ಸತ್ತ ತಾಯಿಯ ಮುಖ ನೆನೆದರೂ ಇದು ಖರೆಯೋ ಸುಳ್ಳೋ ಎಂದು ಹೆದರಿದೆ. ಈಗಲೂ ತಂತಿ ಎಣಿಸುವಾಗ ಕೈ ನಿಲ್ಲುತ್ತದೆ. ಹೊಸ ಬಾಕ್ಸಿನಿಂದ ಅದು ಸರಿಹೋಗಿಲ್ಲ.

ನೀನು ಇರುವ ಮನೆ, ಉಣ್ಣುವ ಕೈ, ಎಲ್ಲ ತಿಳಿಯುತ್ತದೆ. ತಿಳಿದರೂ ನೋವು ಕಡಿಮೆಯಾಗಲಿಲ್ಲ. ಆ ಮನೆಯಲ್ಲಿ ಇರುವುದು ಕಷ್ಟವಾದರೆ ತವರಿನ ಬಾಗಿಲು ಮುಚ್ಚಿಲ್ಲ. ಸುಂದ್ರವ್ವ ಹಾಸಿಗೆ ಹಾಸಿ ಕೊಡುತ್ತಾಳೆ. ಗಾಡಿ ತೆಗೆದುಕೊಂಡು ಬಂದು ಕರೆದೊಯ್ಯುತ್ತೇನೆ, ಸೋಮವಾರ ಬಿಟ್ಟು. ಮೊದಲಿನ ಹಾಗೆ ಮಾತಾಡುತ್ತೇನೆ ಎಂದು ಮಾತ್ರ ಹೇಳಲಾರೆ.

ಪತ್ರ ಬರೆಯುವುದನ್ನೂ ಬಿಡುವುದಿಲ್ಲ. ಆದರೆ ಈ ಪತ್ರವನ್ನು ಎರಡು ಸಲ ಬರೆದಿದ್ದೇನೆ, ಅಕ್ಷರಕ್ಕೆ ಅಕ್ಷರ. ಒಂದು ನಿನಗೆ. ಇನ್ನೊಂದು ನನ್ನ ಹತ್ತಿರ ಇರುತ್ತದೆ.

ಸತ್ತೆಪ್ಪ